ರಾತ್ರಿ ಮೇಯುವ ಚಿಗರಿಗಳೂ ನಮ್ಮ ಕಾವಲಿನ ಕ್ರಮವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಗೌಡರಿಗೂ ಜಮೀನುದಾರರಿಗೂ ಚಿಗರಿಗಳ ಉಪದ್ರವವನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಎರೆಹೊಲದ ಹಿಂಗಾರಿ ಜೋಳವೂ ಕಡಲೆಯೂ ಗೇಣುದ್ದ ಏಳುವಷ್ಟರಲ್ಲಿ ಹಿಂಡು ನುಗ್ಗಿ ಕುಡಿಗಳನ್ನು ಕಡಿದು ಹೋಗುವುದು. ಹಗಲೆಲ್ಲ ಕಾದ ಒಕ್ಕಲಿಗನು ಮನೆ ಸೇರಿದ ಮೇಲೆಯೇ ಹಾನಿಯಾಗುವುದೆಂಬುದು ದೂರಿನ ಸಾರ.

ಇದಕ್ಕೆ ಕಾರಣವುಂಟು. ಚಿಗರಿಯು ಸ್ವಭಾವತಃ ಹಗಲಿನಲ್ಲಿ ಮೇಯುವ ಪ್ರಾಣಿ. ಮನುಷ್ಯರ ಕಾಟವು ಹೆಚ್ಚಿದಲ್ಲಿ ಇರುಳನ್ನು ಆಶ್ರಯಿಸುತ್ತದೆ. ಬೇರೆ ಬೇರೆ ಖಂಡಗಳ 62 ಜಾತಿಯ ಸಸ್ತನಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದೇ ಪ್ರವೃತ್ತಿಯನ್ನು ತೋರಿಸಿದೆ. ಆದುದರಿಂದ ಹಗಲು ಬೆನ್ನಟ್ಟಿದ ಮಾತ್ರಕ್ಕೆ ಬೆಳೆಯು ಉಳಿಯದು.

ಹಾಗಾದರೆ ರಾತ್ರಿ ದೀಪ ಹಿಡಿದು ಬೇಟೆಯಾಡಬಹುದಲ್ಲವೇ ಎಂದು ಕೆಲವರು ಕೇಳುವರು. ಕೂಡದು. ಕೃಷ್ಣಮೃಗವೂ ಚಿಂಕಾರವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಕೊಂದವನಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸವೂ ದಂಡವೂ ಉಂಟು. ನಮ್ಮ ಜಿಲ್ಲೆಯಲ್ಲಿಯೇ ಯಡಹಳ್ಳಿಯಲ್ಲಿ ಚಿಂಕಾರಕ್ಕೆಂದು ಧಾಮವಿದೆ. ಬೇಲಿಗೆ ವಿದ್ಯುತ್ತು ಹರಿಯಬಿಡುವುದಂತೂ ಘೋರ ಅಪರಾಧವು. ಆ ತಂತಿಗೆ ಚಿಗರಿಯೂ ಒಂದೇ, ನೆರೆಹೊಲದವನೂ ಒಂದೇ.

ಬದಲಿಸತಕ್ಕದ್ದು ಕಾವಲಿನ ವೇಳೆಯನ್ನು. ಸಸಿಗಳು ಎಳೆಯವಾಗಿರುವ ವಾರಗಳಲ್ಲಿ ದೀಪ ಹಚ್ಚುವ ಹೊತ್ತಿನಿಂದ ಹೊತ್ತು ಮೂಡುವವರೆಗೆ ಊರವರು ಸರದಿಯಿಂದ ಕಾಯಬೇಕು. ಒಂದೇ ಸ್ಥಳದಲ್ಲಿ ಒಂದೇ ಸದ್ದನ್ನು ಮಾಡುತ್ತಿದ್ದರೆ ಪ್ರಾಣಿಗಳು ಅದಕ್ಕೆ ಒಗ್ಗಿಹೋಗುವವು. ಎಡೆಯನ್ನೂ ಸದ್ದನ್ನೂ ಬದಲಿಸುತ್ತಿರಬೇಕು. ಹೊಲದ ಸುತ್ತ ಕುಸುಬಿಯ ಸಾಲುಗಳನ್ನು ದಟ್ಟವಾಗಿ ಬಿತ್ತುವ ಹಿರಿಯರ ರೂಢಿಯು ಇಂದಿಗೂ ಯೋಗ್ಯವಾದುದೇ. ಆದರೆ ಮುಳ್ಳುಳ್ಳ ತಳಿಯನ್ನೇ ಆರಿಸತಕ್ಕದ್ದು. ಮುಳ್ಳಿಲ್ಲದ ತಳಿಗಳೂ ಈಗ ಬಂದಿವೆ. ಮುಳ್ಳು ಬಲಿಯುವವರೆಗೆ ಕಾವಲನ್ನು ಬಿಡಲಾಗದು.

ಹಾನಿಯಾದರೆ ಪಹಣಿ, ಛಾಯಾಚಿತ್ರಗಳೊಡನೆ ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ಕೊಡಬೇಕು. ಓದುಬರಹ ಬಾರದವರ ಅರ್ಜಿಯನ್ನು ಊರ ಹಿರಿಯರು ಬರೆಯಿಸಿಕೊಡುವುದು ಒಳ್ಳೆಯದು.

ನೂರು ಎಕರೆಯವನು ಆಳನ್ನಿಟ್ಟು ಕಾಯಿಸಬಲ್ಲನು. ಎರಡು ಎಕರೆಯವನು ದಿನವೆಲ್ಲ ಕೂಲಿ ಮಾಡಿ, ಇರುಳೆಲ್ಲ ಎಚ್ಚರವಿರಲಾರನು. ದೊಡ್ಡ ಹೊಲದಿಂದ ಅಟ್ಟಿದ ಹಿಂಡು ಅವನ ಹೊಲಕ್ಕೇ ಇಳಿಯುವುದು. ಆದುದರಿಂದ ಸರದಿಯ ಕಾವಲು ದೊಡ್ಡ ಹಿಡುವಳಿದಾರರ ಮುಂದಾಳುತನದಿಂದಲೇ ಆರಂಭವಾಗಲಿ. ಈ ಹಿಂಗಾರಿನ ಬಿತ್ತಿಗೆಗೆ ಮೊದಲೇ ಊರ ಸಭೆ ಕೂಡಿಸಿ ಸರದಿಯನ್ನು ಗೊತ್ತುಮಾಡಬೇಕೆಂದು ವಿನಂತಿ.