ಕೊಳದ ಬೀಗದಕೈ ಯಾರ ಕೈಯಲ್ಲಿ?



ಪಟ್ಟಣವೊಂದರ ಸಾರ್ವಜನಿಕ ಈಜುಕೊಳದ ಬಾಗಿಲಲ್ಲಿ ಒಂದು ಹಲಗೆ ತೂಗುತ್ತದೆ. ಊರಿನ ಹೆಸರು ಬೇಡ, ಅಂಥ ಹಲಗೆ ಒಂದೇ ಊರಿನ ಸೊತ್ತಲ್ಲ. ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ಗಂಡಸರು, ಹುಡುಗರು. ಸಾಯಂಕಾಲ ನಾಲ್ಕರಿಂದ ಎಂಟರವರೆಗೆ ಮತ್ತೆ ಅವರೇ. ನಡುವೆ ಹನ್ನೊಂದರಿಂದ ಹನ್ನೆರಡರವರೆಗೆ "ಮಹಿಳೆಯರಿಗೆ ಮಾತ್ರ". ಇದನ್ನು ಬರೆಸಿದವರು ಸ್ತ್ರೀಕುಲಕ್ಕೆ ದೊಡ್ಡ ಉಪಕಾರ ಮಾಡಿದೆವೆಂದು ತಿಳಿದಿದ್ದಾರೆ. ನಾನು ಕೇಳುವುದು ಇಷ್ಟೇ: ಹಗಲು ಹನ್ನೊಂದು ಗಂಟೆಗೆ ಯಾವ ದುಡಿಯುವ ಹೆಂಗಸು ಬಿಡುವಾಗಿರುತ್ತಾಳೆ?

ರಾಯದುರ್ಗದಲ್ಲಿ ಆ ಹೊತ್ತಿಗೆ ಆಕೆ ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಬಾಗಿಸಿ ಜೀನ್ಸ್ ಪ್ಯಾಂಟು ಹೊಲಿಯುತ್ತಿರುತ್ತಾಳೆ. ಪೀಸಿಗೆ ಇಷ್ಟು ಎಂದು ಲೆಕ್ಕ, ಎದ್ದರೆ ಕೂಲಿ ಹೋಯಿತು. ಮಡಕಶಿರದ ಕಡೆ ಕಡ್ಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿರುತ್ತಾಳೆ, ಇಲ್ಲವೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿರುತ್ತಾಳೆ, ಇಲ್ಲವೆ ಗಾರ್ಮೆಂಟ್ಸ್ ವ್ಯಾನು ಹತ್ತಿ ಬೆಳಗಿನ ಜಾವಕ್ಕೇ ಊರು ಬಿಟ್ಟಿರುತ್ತಾಳೆ. ಆಕೆ ಬರಲಾಗದ ಹೊತ್ತನ್ನು ಆಕೆಗೆಂದು ಬರೆದಿಟ್ಟು, ಆಮೇಲೆ "ನೋಡಿ, ಹೆಂಗಸರು ಬರುವುದೇ ಇಲ್ಲ, ಆ ಗಂಟೆಯನ್ನೂ ಹುಡುಗರಿಗೇ ಕೊಟ್ಟುಬಿಡೋಣ" ಎನ್ನುತ್ತಾರೆ. ಓವರ್‌ಟೈಮ್ ಕೂಲಿಯ ವಿಷಯದಲ್ಲಿ ಮಾಲೀಕರು ಆಡುವ ಆಟವೂ ಇದೇ ಅಲ್ಲವೆ? ಯಾರೂ ಅರ್ಜಿ ಹಾಕಲಾಗದ ಹೊತ್ತಿನಲ್ಲಿ ಅರ್ಜಿ ಕರೆದು, ಯಾರಿಗೂ ಬೇಡವಾಯಿತೆಂದು ಫೈಲು ಮುಚ್ಚುವುದು.

ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ನಮ್ಮ ದೇವಾಲಯಗಳಲ್ಲಿ ಬೆತ್ಸಥಾ ಕೊಳದ ಶುಭಸಂದೇಶ ಓದುತ್ತಾರೆ. ಐದು ಮಂಟಪಗಳ ಕೊಳ. ಮೂವತ್ತೆಂಟು ವರ್ಷ ರೋಗದಿಂದ ಬಿದ್ದಿದ್ದ ಒಬ್ಬ ಮನುಷ್ಯ. ನೀರು ಕಲಕಿದಾಗ ಆತನನ್ನು ಇಳಿಸಲು ಜನರಿಲ್ಲ, ಆತ ತೆವಳಿ ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ. ಕೊಳಕ್ಕೆ ಬಾಗಿಲಿರಲಿಲ್ಲ, ಬೀಗವಿರಲಿಲ್ಲ, ಬೇಡವೆಂದವರೂ ಇರಲಿಲ್ಲ. ಆದರೂ ಆ ನೀರು ಆತನದಾಗಲಿಲ್ಲ. ಯೇಸುಸ್ವಾಮಿ ಆತನಿಗೆ ಮುಂದಿನ ಸರದಿಗೆ ಕಾಯಬೇಕೆಂದು ಬುದ್ಧಿ ಹೇಳಲಿಲ್ಲ ಎಂಬುದನ್ನು ನಮ್ಮ ಈಜುಕೊಳದ ಸಮಿತಿಗಳವರು ಗಮನಿಸಬೇಕು.

ಈ ಮಾತು ಎತ್ತಿದಾಗಲೆಲ್ಲ ಎರಡು ಕಡೆಯಿಂದ ವಿರೋಧ ಬರುತ್ತದೆ. ಒಂದು ಕಡೆ ನಮ್ಮ ಸಭೆಯ ಹಿರಿಯರು. ಗಂಡು ಮಕ್ಕಳನ್ನು ಈಜು ಕಲಿಸಲು ಕರೆದೊಯ್ಯೋಣ ಎಂದರೆ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಹೆಣ್ಣು ಮಕ್ಕಳ ಹೆಸರು ಬಂದೊಡನೆ, "ನಮ್ ಹುಡುಗೇರು ನೀರಾಗೆ ಇಳಿದು ಏನು ಮಾಡಬೇಕ್ರಿ? ಮಾನ ಮರ್ಯಾದೆ ಬೇಡವೇನು?" ಎಂಬ ಪ್ರಶ್ನೆ. ಮಾನದ ಮಾತು ಬಂದದ್ದರಿಂದ ಅದನ್ನೇ ನೋಡೋಣ. ಬೆತ್ಸಥಾ ಪಾಠ ಓದಿದ ಆರೇ ದಿನಕ್ಕೆ, ಐದನೆಯ ವಾರದ ಸೋಮವಾರ, ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಿಂದ ಸುಸನ್ನಳ ಕಥೆ ಬರುತ್ತದೆ. (ಪ್ರೊಟೆಸ್ಟೆಂಟ್ ಬಾಂಧವರ ಬೈಬಲ್ಲಿನಲ್ಲಿ ಈ ಅಧ್ಯಾಯವಿಲ್ಲ, ಅವರು ನಮ್ಮ ಪ್ರತಿಯನ್ನು ಎರವಲು ಪಡೆದು ಓದಲಿ.) ಬಿಸಿಲಿನ ದಿನ, ಸ್ವಂತ ಗಂಡನ ತೋಟ, ಬಾಗಿಲು ಮುಚ್ಚಿಸಿ ಸ್ನಾನಕ್ಕೆ ಹೊರಟ ಹೆಂಗಸು. ಅಡಗಿ ನೋಡಿದವರು ಯಾರು? ಬೀದಿಯ ಪೋಲಿಗಳಲ್ಲ, ಜನರಿಗೆ ನ್ಯಾಯ ಹೇಳುತ್ತಿದ್ದ ಇಬ್ಬರು ಹಿರಿಯರು! ತಮ್ಮ ಮಾತಿಗೆ ಒಪ್ಪದಿದ್ದಾಗ ಆಕೆಯ ಮೇಲೆಯೇ ಅಪವಾದ ಹೊರಿಸಿ ಸಾವಿನ ತೀರ್ಪು ಹೇಳಿಸಿದರು. ದಾನಿಯೇಲ ಆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಪಾಟೀಸವಾಲು ಮಾಡಿದ. ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದರೆ ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಕಥೆಯ ಕೊನೆಯಲ್ಲಿ ದಂಡನೆಯಾದದ್ದು ನೋಡಿದವರಿಗೆ. ಇನ್ನು ಮೇಲೆ ತೋಟದಲ್ಲಿ ಸ್ನಾನ ಮಾಡಬೇಡ ಎಂದು ಸುಸನ್ನಳಿಗೆ ಯಾರೂ ಹೇಳಿದಂತೆ ಬರೆದಿಲ್ಲ. ದಾವೀದ ಅರಸ ಮಾಳಿಗೆಯ ಮೇಲಿಂದ ಬತ್ಷೆಬೆಯ ಸ್ನಾನವನ್ನು ನೋಡಿದಾಗಲೂ ಪ್ರವಾದಿ ನಾತಾನ ಬಂದು ತರಾಟೆಗೆ ತೆಗೆದುಕೊಂಡದ್ದು ಅರಸನನ್ನು. ನಾವು ಮಾತ್ರ ಪ್ರವಾದಿಗಳಿಗಿಂತ ಬುದ್ಧಿವಂತರು. ನೋಡುವವನನ್ನು ಬಿಟ್ಟು ಸ್ನಾನ ಮಾಡುವವಳನ್ನು ಮನೆಗೆ ಕಳಿಸುತ್ತೇವೆ.

ಇನ್ನೊಂದು ಕಡೆಯ ವಿರೋಧ ನಮ್ಮ ಯೂನಿಯನ್ನಿನ ಪ್ರಗತಿಪರ ಗೆಳೆಯರದು. ಅವರ ವಾದ ಹೀಗೆ: "ಪ್ರತ್ಯೇಕ ಸಮಯ ಕೇಳುವುದೇ ಹಳೆಯ ಕಾಲದ ಬುದ್ಧಿ. ಗಂಡು ಹೆಣ್ಣು ಒಟ್ಟಿಗೆ ದುಡಿಯುತ್ತಾರೆ, ಒಟ್ಟಿಗೆ ಈಜಲಿ. ಕೆರೆ ಬಾವಿಗಳಿಂದ ದಲಿತರನ್ನು ದೂರವಿಟ್ಟದ್ದು ಪಾಪವಾದರೆ ಹೆಂಗಸರಿಗೆ ಬೇರೆ ಗಂಟೆ ಇಡುವುದೂ ಪಾಪವೇ." ಈ ಮಾತಿಗೆ ನಾನು ಸ್ವಲ್ಪ ನಿಂತು ಉತ್ತರ ಹೇಳಬೇಕು, ಏಕೆಂದರೆ ನಮ್ಮ ಧರ್ಮಕೇಂದ್ರಗಳ ಅರ್ಧಕ್ಕರ್ಧ ಮನೆಗಳವರ ಅಜ್ಜಂದಿರು ಊರ ಬಾವಿಯ ಕಟ್ಟೆ ಹತ್ತದೆ, ಯಾರಾದರೂ ಸೇದಿ ಹೊಯ್ಯಲಿ ಎಂದು ಕೊಡ ಹಿಡಿದು ಕಾದು ನಿಂತವರು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ಬಾಯಾರಿಕೆಗಾಗಿ ಅಲ್ಲ. ಅಲ್ಲಿ ಬೇಲಿ ಹಾಕಿದವರು ಮೇಲಿನವರು, ಕಾರಣ ಮೈಲಿಗೆ, ಬೇಲಿ ಕೇಳಿದವರು ಹೊರಗಿನವರಲ್ಲ. ಇಲ್ಲಿ ಒಂದು ಗಂಟೆಯ ಮರೆ ಕೇಳುತ್ತಿರುವವರು ಹೆಂಗಸರೇ. ಅವರಿಗೆ ಬೇಕಾದುದು ಶುದ್ಧಿಯಲ್ಲ, ನೆಮ್ಮದಿ. ಎರಡು ಬೇಲಿಗಳೂ ಕಣ್ಣಿಗೆ ಒಂದೇ ತರ ಕಾಣಬಹುದು. ಬೀಗದಕೈ ಯಾರ ಸೊಂಟದಲ್ಲಿದೆ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

"ಒಟ್ಟಿಗೆ ಈಜಲಿ" ಎನ್ನುವ ಗೆಳೆಯರು ಒಂದು ಸಂಜೆ ಕೊಳದ ದಂಡೆಯಲ್ಲಿ ನಿಂತು ನೋಡಲಿ. ನೀರಿನಲ್ಲಿ ನಾಲ್ಕು ಮಂದಿ, ಕಂಬಿಗೆ ಒರಗಿದವರು ಹದಿನಾಲ್ಕು ಮಂದಿ, ಎಲ್ಲರ ಕೈಯಲ್ಲೂ ಫೋನು. ಇದರ ನಡುವೆ ಹದಿನಾರರ ಹುಡುಗಿಗೆ ಸಮಾನತೆಯಿಂದ ಇಳಿ ತಾಯಿ ಎಂದರೆ ಆಕೆ ಮನೆಗೇ ಹೋಗುತ್ತಾಳೆ. ಆಗ ಕೊಳ ಎಲ್ಲರಿಗೂ ತೆರೆದದ್ದಾಗಿದ್ದೂ ಗಂಡಸರದೇ ಆಗಿ ಉಳಿಯುತ್ತದೆ. ಬಾಯಿಮಾತಿನ ಸಮಾನತೆಗೆ ಪುರಸಭೆಗೆ ಒಂದು ಕಾಸೂ ಖರ್ಚಿಲ್ಲ, ಆದ್ದರಿಂದಲೇ ಅದು ಬೇಗ ಮಂಜೂರಾಗುತ್ತದೆ.

ನಮ್ಮ ಸಂವಿಧಾನ ಬರೆದವರು ಈ ಎರಡನ್ನೂ ಕಂಡಿದ್ದರು. 15ನೆಯ ವಿಧಿಯ ಎರಡನೆಯ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರು ಹೇಳಿ, ಸರ್ಕಾರದ ಹಣದಿಂದ ನಡೆಯುವ ಅಂಥ ಸ್ಥಳಗಳಿಂದ ಯಾರನ್ನೂ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ತಡೆಯಕೂಡದೆಂದರು. ಲಿಂಗ ಎಂಬ ಪದ ಅಲ್ಲಿದೆ, ದಯವಿಟ್ಟು ಓದಿ. ಮೂರನೆಯ ಭಾಗದಲ್ಲಿ ಹೆಂಗಸರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಅಡ್ಡಿಯಿಲ್ಲವೆಂದರು. 1948ರ ಕಾರ್ಖಾನೆ ಕಾಯ್ದೆಯ 42ನೆಯ ಸೆಕ್ಷನ್ನಿನಲ್ಲಿಯೂ ಕೈಕಾಲು ತೊಳೆಯುವ ಜಾಗ ಹೆಣ್ಣಾಳು ಗಂಡಾಳುಗಳಿಗೆ ಬೇರೆ ಬೇರೆ ಇರಬೇಕು, ಮರೆ ಇರಬೇಕು, ಸಾಕಷ್ಟು ಇರಬೇಕು ಎಂದಿತ್ತು. "ಸಾಕಷ್ಟು" ಎಂಬುದನ್ನು ಮಾಲೀಕರು ನುಂಗಿ ಒಂದು ನಲ್ಲಿ ಕೊಟ್ಟರು. ಕೊಳದ ಸಮಿತಿಯವರು ಒಂದು ಗಂಟೆ ಕೊಟ್ಟರು.

ಹೊರದೇಶಗಳಲ್ಲೂ ಈ ಜಗಳವಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಂಪ್ರದಾಯಸ್ಥ ಯಹೂದಿ ಹೆಂಗಸರಿಗಾಗಿ ಸಾರ್ವಜನಿಕ ಕೊಳವೊಂದರಲ್ಲಿ ಇಟ್ಟಿದ್ದ ಗಂಟೆಗಳ ಮೇಲೆ 2016ರಲ್ಲಿ ದೂರು ಎದ್ದು, ನಗರಾಡಳಿತ ಅವನ್ನು ಕಡಿಮೆ ಮಾಡಿತು, ಪೂರ್ತಿ ತೆಗೆಯಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮುಸ್ಲಿಮ್ ತಂದೆತಾಯಿಗಳು ಹೆಣ್ಣು ಮಕ್ಕಳನ್ನು ಹುಡುಗರ ಜೊತೆಯ ಈಜು ಪಾಠಕ್ಕೆ ಕಳಿಸಲೊಲ್ಲೆವೆಂದಾಗ, 2017ರ ಜನವರಿಯಲ್ಲಿ ಯೂರೋಪಿನ ಮಾನವ ಹಕ್ಕು ನ್ಯಾಯಾಲಯ ಶಾಲೆಯ ಪಕ್ಷ ಹಿಡಿಯಿತು. ಮೈ ಮುಚ್ಚುವ ಈಜುಡುಪಿಗೆ ಅಲ್ಲಿ ಅವಕಾಶವಿತ್ತು, ಬಟ್ಟೆ ಬದಲಿಸಲು ಬೇರೆ ಕೋಣೆಯೂ ಇತ್ತು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಂತೂ ಗಂಡಸರಿಗೊಂದು, ಹೆಂಗಸರಿಗೊಂದು, ಒಟ್ಟಿಗೆ ಈಜುವವರಿಗೊಂದು ಎಂದು ಮೂರು ಕೆರೆಗಳಿವೆ. ನಮಗೆ ಮೂರು ಕೆರೆ ತುಂಬುವ ಮಳೆಯೇ ಇಲ್ಲ, ಆ ಮಾತು ಬಿಡಿ.

ಹೌದು, "ವರ್ಷಕ್ಕೆ 550 ಮಿಲಿಮೀಟರ್ ಮಳೆ ಬೀಳುವ ಅನಂತಪುರದ ಸೀಮೆಗೆ ಈಜು ಏಕೆ" ಎಂದು ನಗುವವರಿದ್ದಾರೆ. ನೀರು ಕಡಿಮೆಯಿರುವ ಊರಿನಲ್ಲೇ ನೀರು ಬಂದ ದಿನ ಸಾವು ಬರುವುದು. ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಬೊಮ್ಮನಹಾಳು, ಕಣೇಕಲ್ಲಿನ ಮೇಲೆ ಹಾಯುತ್ತದೆ. ಮಡಕಶಿರದ ಕಡೆ ಹಂದ್ರಿ-ನೀವಾದ ಶಾಖಾ ಕಾಲುವೆ. ಸಿಮೆಂಟು ಹಾಕಿದ ಇಳಿಜಾರು ದಡ, ಪಾಚಿ ಹಿಡಿದರೆ ಸೋಪು ಸವರಿದ ಹಾಗೆ. ಅಲ್ಲಿ ಬಟ್ಟೆ ಒಗೆಯಲು ಇಳಿಯುವವರು ಯಾರು? ಹೆಂಗಸರು. ಕೊಡ ತೊಳೆಯುವವರು, ಎಮ್ಮೆ ಮೈ ತೊಳೆಯುವ ಹುಡುಗಿಯರು. ಗಂಡು ಹುಡುಗ ಎಂಟು ವರ್ಷಕ್ಕೇ ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ತೋಟದ ಬಾವಿಗೆ ಧುಮುಕಿರುತ್ತಾನೆ. ಆತನ ಅಕ್ಕ ಜೀವನವಿಡೀ ನೀರಿನ ಹತ್ತಿರವೇ ಇದ್ದು, ಮೊಣಕಾಲಿನ ಮೇಲಿನ ನೀರು ಕಂಡವಳಲ್ಲ. ಮಗು ಜಾರಿದರೆ ತಾಯಿ ಸೀರೆಯಲ್ಲೇ ಹಾರುತ್ತಾಳೆ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರಿಗೇ ಕಷ್ಟ, ಬಾರದವಳ ಗತಿಯೇನು?

ನೀರಿನಲ್ಲಿ ಮುಳುಗಿ ಸಾಯುವವರಲ್ಲಿ ಗಂಡಸರೇ ಹೆಚ್ಚು ಎಂದು ಲೆಕ್ಕ ತೋರಿಸುವವರೂ ಇದ್ದಾರೆ. ನಿಜ. ನೀರಿಗೆ ಇಳಿಯುವವರು ಅವರೇ ಆದ್ದರಿಂದ ಹಾಗೆ. ನೀರೇ ಊರಿನೊಳಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಂಡೆವು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಸತ್ತ ಹೆಂಗಸರು ಗಂಡಸರ ಸುಮಾರು ಮೂರು ಪಟ್ಟು ಎಂದು ಆಕ್ಸ್‌ಫ್ಯಾಮ್ ಸಂಸ್ಥೆ 2005ರಲ್ಲಿ ವರದಿ ಮಾಡಿತು. ಕೊಟ್ಟ ಕಾರಣಗಳಲ್ಲಿ ಈಜು ಬಾರದಿರುವುದೂ ಒಂದು. ಮೀನುಗಾರರ ಮನೆಯ ಹೆಂಗಸರು! ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವರು.

ಆಗದ ಮಾತಂತೂ ಅಲ್ಲ. ಬಂಗಾಳದ ಆರತಿ ಸಾಹಾ 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆ. ಬೆಂಗಳೂರಿನ ನಿಶಾ ಮಿಲೆಟ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಹೋದರು, ಶಿಖಾ ಟಂಡನ್ 2004ರಲ್ಲಿ ಅಥೆನ್ಸಿಗೆ. ಇವರ ಜೊತೆಗೆ ಕೊಳವಿತ್ತು, ಗುರುಗಳಿದ್ದರು, ಹೊತ್ತೂ ಇತ್ತು. ನಮ್ಮ ಹುಡುಗಿಯರಿಗೆ ಪದಕ ಬೇಡ, ಕಾಲುವೆಯಿಂದ ದಡಕ್ಕೆ ಬರುವಷ್ಟು ಬಂದರೆ ಸಾಕು.

ಹೊಂದಿಕೊಂಡು ಹೋಗುವುದು ನಮಗೆ ಹೊಸದೇನೂ ಅಲ್ಲ. ಆದಿ ಸಭೆಯಲ್ಲಿ ಪ್ರಾಯದವರು ಬಟ್ಟೆ ಕಳಚಿಟ್ಟು ನೀರಿಗಿಳಿದು ಜ್ಞಾನಸ್ನಾನ ಪಡೆಯುತ್ತಿದ್ದರು. ಹೆಂಗಸರಿಗೆ ತೈಲ ಹಚ್ಚಲು, ಮರೆ ಮಾಡಲು ಸ್ತ್ರೀ ಸೇವಕಿಯರಿದ್ದರೆಂದು ಸಿರಿಯಾದ ಕಡೆಯ ಮೂರನೆಯ ಶತಮಾನದ ಬರಹಗಳಿಂದ ತಿಳಿಯುತ್ತದೆ. ಮರೆ ಬೇರೆ, ಸೇವಕಿ ಬೇರೆ, ಆದರೆ ನೀರು ಅದೇ. ಹೆಂಗಸರ ಜ್ಞಾನಸ್ನಾನ ಕಡಿಮೆ ದರ್ಜೆಯದೆಂದು ಯಾರೂ ಹೇಳಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಕೆಂಪು ಬಸ್ಸು ನೋಡಿ. ಮುಂದಿನ ಸೀಟುಗಳು ಹೆಂಗಸರಿಗೆ. ಹಾಗೆಂದು ಹೆಂಗಸರು ಹನ್ನೊಂದು ಗಂಟೆಯ ಬಸ್ಸಿಗೆ ಮಾತ್ರ ಹತ್ತಬೇಕೆಂದು ಕಂಡಕ್ಟರ್ ಹೇಳುತ್ತಾನೆಯೆ? ಕರ್ನಾಟಕದಲ್ಲಿ 2023ರ ಜೂನ್‌ನಿಂದ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಈಗ ನಮ್ಮ ಹುಡುಗಿ ಪುಕ್ಕಟೆಯಾಗಿ ಕೊಳದ ಬಾಗಿಲವರೆಗೆ ಹೋಗಬಲ್ಲಳು, ಹಲಗೆ ಓದಿ ಹಿಂದಿರುಗಬಲ್ಲಳು.

ನಾವು ಕೇಳಬೇಕಾದುದು ಇದು. ಸರ್ಕಾರದ ಹಣದಿಂದ ನಡೆಯುವ ಕೊಳಗಳಲ್ಲಿ ಬೆಳಗಿನ ಒಂದು ಗಂಟೆ, ಸಂಜೆ ಮಿಷನ್ ನಿಂತ ಮೇಲಿನ ಒಂದು ಗಂಟೆ, ಭಾನುವಾರ ಮಧ್ಯಾಹ್ನ ಪೂರ್ತಿ ಹೆಂಗಸರದು. ಆ ಹೊತ್ತಿನಲ್ಲಿ ಕಲಿಸುವವರೂ ಕಾಯುವವರೂ ಹೆಂಗಸರೇ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ. ಯಾವ ಹೊತ್ತಿನಲ್ಲೂ ದಂಡೆಯ ಮೇಲೆ ಫೋನು ಕೂಡದು. ಉಳಿದ ಹೊತ್ತಿನಲ್ಲಿ ಅಣ್ಣ ತಂಗಿ, ಗಂಡ ಹೆಂಡತಿ, ತಂದೆ ಮಗಳು ಒಟ್ಟಿಗೆ ಬಂದರೆ ತಡೆಯಕೂಡದು, ಏಕೆಂದರೆ ಉಳಿದ ಹೊತ್ತು ಗಂಡಸರದೆಂದು ಯಾರೂ ಬರೆದುಕೊಟ್ಟಿಲ್ಲ. ಉಡುಪಿನ ನೆಪ ಬೇಡ. ಹತ್ತಿಯ ಬಟ್ಟೆ ಎಳೆ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ ಎಂಬುದು ನಿಜ, ಆದರೆ ಮೊಣಕೈ ಮೊಣಕಾಲು ಮುಚ್ಚುವ ನೈಲಾನ್ ಉಡುಪು ಇದೆ. ಜೀನ್ಸಿನ ದಪ್ಪ ಬಟ್ಟೆಯನ್ನೇ ಹೊಲಿಯುವ ರಾಯದುರ್ಗದ ಕೈಗಳಿಗೆ ಅದೊಂದು ಹೊಲಿಗೆಯೆ?

ಕೊಳ ದೂರವಿರುವ ಹಳ್ಳಿಗಳ ಮಾತು ಬೇರೆ, ಅದೇ ಹೆಚ್ಚು ಅವಸರದ್ದು. ಬಟ್ಟೆ ಒಗೆಯುವ ಜಾಗದಲ್ಲೆಲ್ಲ ಕಾಲುವೆಯ ದಡಕ್ಕೆ ಮೆಟ್ಟಿಲು ಕಡಿಯಬೇಕು, ಹಿಡಿದುಕೊಳ್ಳಲು ಸರಪಣಿ ಕಟ್ಟಬೇಕು, ಕೆರೆಯ ಒಂದು ಮಗ್ಗುಲಿಗೆ ಹೆಂಗಸರಿಗೆ ಮರೆಯಿರುವ ಸೋಪಾನ ಕಟ್ಟಬೇಕು.

ಮಡಕಶಿರ 2022ರ ಏಪ್ರಿಲ್‌ನಲ್ಲಿ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ಅರ್ಜಿ ಇಬ್ಬರು ಕಲೆಕ್ಟರರಿಗೆ ಹೋಗಬೇಕು. ತೆಲುಗಿನಲ್ಲಿ ಒಂದು, ನಮ್ಮವರು ಓದಿ ಸಹಿ ಹಾಕಲು ಕನ್ನಡದಲ್ಲಿ ಒಂದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕಾಗದ ದೇವಾಲಯದ ಜಗಲಿಯ ಮೇಲಿರುತ್ತದೆ. ಸಭಾಪಾಲಕರ ಕಡೆಯವರಿಗೆ ಪ್ರತಿ ಕಳಿಸಲಾಗುತ್ತದೆ. ಮೊದಲ ಪುಟ ಹೆಂಗಸರ ಸಹಿಗೆ, ಹೆಬ್ಬೆಟ್ಟಾದರೂ ಸರಿ. ಗಂಡಸರು ಎರಡನೆಯ ಪುಟದಿಂದ ಹಾಕಲಿ. ಸಂಜೆ ಯಾವ ಗಂಟೆ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಅದನ್ನು ಹೊಲಿಗೆ ಕೆಲಸದ ಸೋದರಿಯರೇ ತಮ್ಮ ಮಿಷನ್ ನಿಲ್ಲುವ ಹೊತ್ತು ನೋಡಿ ತುಂಬಬೇಕು.