ಗಣಕಯಂತ್ರ ಕೊಳ್ಳುವ ಮುನ್ನ

ತಕ್ಕಡಿಯನ್ನಾಗಲಿ, ಅಡಕೆ ಸುಲಿಯುವ ಯಂತ್ರವನ್ನಾಗಲಿ ಕೊಳ್ಳುವಾಗ ನಮ್ಮ ಗಡಿನಾಡಿನ ವರ್ತಕರು ನಾಲ್ಕು ಕಡೆ ವಿಚಾರಿಸದೆ ಹಣ ಬಿಚ್ಚುವವರಲ್ಲ. ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ ಈ ಜಾಣ್ಮೆ ಎಲ್ಲಿ ಅಡಗುವುದೋ ತಿಳಿಯದು. ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡರೆ ವಿಚಾರಣೆ ಮುಗಿಯಿತು. ಅಂಗಡಿಯವನು ಪೆಟ್ಟಿಗೆ ಒಡೆದು ಕೊಟ್ಟುದೆಲ್ಲ ಹೊಸ ಯಂತ್ರವಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಮೈಕ್ರೋಸಾಫ್ಟ್ ಸಂಸ್ಥೆಯು 2021ರ ಜೂನ್ ತಿಂಗಳಲ್ಲಿ ವಿಂಡೋಸ್ 11ನ್ನು ಪ್ರಕಟಿಸಿದಾಗ, ಅದು ಎಂಥ ಯಂತ್ರಗಳಲ್ಲಿ ನಡೆಯುವುದೆಂಬುದನ್ನೂ ತಿಳಿಸಿತು. ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಕಡ್ಡಾಯವಾಯಿತು. ಇಂಟೆಲ್ ಪ್ರೊಸೆಸರುಗಳಲ್ಲಿ ಎಂಟನೆಯ ಪೀಳಿಗೆಗಿಂತ ಹಿಂದಿನವು, ಕೆಲವೇ ಅಪವಾದಗಳನ್ನುಳಿದು, ಹೊರಗುಳಿದವು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಈ ದಿನಾಂಕ ವರ್ಷಗಳ ಮೊದಲೇ ಪ್ರಕಟವಾಗಿತ್ತು. ಅದನ್ನು ವಿಚಾರಿಸದೆ ಏಳನೆಯ ಪೀಳಿಗೆಯ ಹಳೆಯ ದಾಸ್ತಾನನ್ನು ಅಗ್ಗವೆಂದು ಕೊಂಡವರ ಯಂತ್ರ ಕೆಟ್ಟಿಲ್ಲ, ಓಡುತ್ತಲೇ ಇದೆ. ಆದರೆ ಭದ್ರತೆಯ ದುರಸ್ತಿ ನಿಂತ ಯಂತ್ರದಲ್ಲಿ ಸಹಕಾರ ಸಂಘದ ಸದಸ್ಯರ ಠೇವಣಿಯ ಲೆಕ್ಕವನ್ನಿಡುವುದೆಂದರೆ ಬೀಗ ಸವೆದ ತಿಜೋರಿಯಲ್ಲಿ ಪರರ ಹಣವನ್ನಿಟ್ಟಂತೆ. ವ್ಯಾಪಾರ ಸಂಸ್ಥೆಗಳಿಗೆ ಮೂರು ವರ್ಷಗಳ ವಿಸ್ತರಣೆಯ ಅನುಕೂಲವೇನೋ ಇದೆ. ಅದಕ್ಕೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷ ವರ್ಷವೂ ಇಮ್ಮಡಿ ತೆರಬೇಕು. ಅಗ್ಗದ ಲಾಭ ಅಲ್ಲಿಗೇ ಕರಗಿತು!

ಪೀಳಿಗೆಯನ್ನು ಗುರುತಿಸುವುದು ಕಷ್ಟವಲ್ಲ. ‘ಐ5’ ಎಂಬ ಚೀಟಿಯನ್ನು ನೋಡಿ ಮರುಳಾಗಬಾರದು. ಅದರ ಮುಂದಿನ ಸಂಖ್ಯೆಯನ್ನು ಓದಬೇಕು. ಐ5-7400 ಏಳನೆಯದು, ಐ5-8400 ಎಂಟನೆಯದು, ಐ5-12400 ಹನ್ನೆರಡನೆಯದು. 2017ರ ಜನವರಿಯಲ್ಲಿ ಬಂದ ಮೊದಲನೆಯದಕ್ಕೂ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಎರಡನೆಯದಕ್ಕೂ ತಿಂಗಳುಗಳದಷ್ಟೇ ಅಂತರ. ಒಂದು ಹೊರಗೆ, ಇನ್ನೊಂದು ಒಳಗೆ. 2023ರ ಕೊನೆಯಿಂದ ಬಂದ ‘ಕೋರ್ ಅಲ್ಟ್ರಾ’ ಎಂಬವುಗಳಿಗೆ ಈ ಲೆಕ್ಕ ಸಲ್ಲದು.

ಹಾಗಾದರೆ ಮುಂದಿನ ಮಾದರಿ ಬರುವವರೆಗೆ ಕಾಯಬೇಕೇ ಎಂದು ಕೇಳುವವರುಂಟು. ಕಾದಷ್ಟೂ ಅಗ್ಗವಾಗುವುದೆಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಇಳಿಯುವ ಬದಲು ಜಿಗಿಯಿತು. ಕೆಲಸ ನಿಂತಿರುವಾಗ ಕಾಯುವುದು ನಷ್ಟವೇ ಸರಿ. ತಿಳಿಯಬೇಕಾದುದು ಹೊಸದು ಯಾವುದು ಎಂಬುದಕ್ಕಿಂತ, ಕೊಳ್ಳಲಿರುವುದಕ್ಕೆ ಇನ್ನೆಷ್ಟು ಆಯುಷ್ಯವಿದೆ ಎಂಬುದು. ರ‍್ಯಾಮ್ ಡಿಡಿಆರ್4 ಆಗಿದೆಯೋ ಡಿಡಿಆರ್5 ಆಗಿದೆಯೋ ಎಂಬುದನ್ನೂ ಕೇಳಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಹಳೆಯದರಿಂದ ಕಳಚಿ ಹೊಸದಕ್ಕೆ ಹಾಕುವ ಆಸೆ ಆಗ ಫಲಿಸದು.

ಅಂಗಡಿಯಲ್ಲಿರುವ ಉಳಿದ ಸಾಮಗ್ರಿಯನ್ನೂ ನೆನೆಯಬೇಕು. ಕಾರ್ಬನ್ ಪ್ರತಿಯೊಡನೆ ಬಿಲ್ಲು ಮುದ್ರಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲವಾದ 25 ಪಿನ್ನುಗಳ ಕೇಬಲ್ಲಿಗೆ ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಜಾಗವೇ ಇಲ್ಲ. ರಸೀದಿಯ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಇಂಗ್ಲಿಷ್ ಅಕ್ಷರ ತಾನಾಗಿ ಮೂಡಿದರೂ, ಕನ್ನಡವನ್ನು ಬಹುಮಟ್ಟಿಗೆ ಚಿತ್ರವಾಗಿಯೇ ಕಳುಹಿಸಬೇಕಾಗುತ್ತದೆ. ಆದುದರಿಂದ ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಬರೆಯಿಸಿಕೊಂಡು, ಒತ್ತಕ್ಷರಗಳಿರುವ ಒಂದು ಕನ್ನಡ ರಸೀದಿಯನ್ನು ಅಲ್ಲಿಯೇ ಮುದ್ರಿಸಿ ನೋಡಿ, ಅನಂತರ ಹಣ ಕೊಡುವುದು ಲೇಸು.