ಎಡಗಾಲಿನ ಪಾಠ

ಸಂಜೆ ಆರೂವರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಮೇಲ್ಸೇತುವೆಯ ಏರಿನಲ್ಲಿ, ಕೆಂಪು 'ಎಲ್' ಅಂಟಿಸಿಕೊಂಡ ಪುಟ್ಟ ಕಾರೊಂದು ಎರಡು ಬಾರಿ ಮುಗ್ಗರಿಸಿ ಮೂರನೆಯ ಬಾರಿಗೆ ನಿಂತೇಬಿಡುತ್ತದೆ. ಹಿಂದಿನಿಂದ ಹಾರನ್ನುಗಳ ಮೇಳ. "ಕ್ಲಚ್ಚು ನಿಧಾನವಾಗಿ ಬಿಡು ಅಂತ ಎಷ್ಟು ಸಲ ಹೇಳಲಿ!" ಎಂದು ಪಕ್ಕದಲ್ಲಿ ಕುಳಿತ ಅಪ್ಪ ಗದರುತ್ತಾರೆ. ಸ್ಟಿಯರಿಂಗ್ ಹಿಡಿದವಳು ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗಿ. ಹದಿನೆಂಟು ತುಂಬಿ ಎರಡು ತಿಂಗಳಾಗಿದೆ. ಅವಳು ನಿಧಾನವಾಗಿಯೇ ಬಿಟ್ಟಿದ್ದಾಳೆ. ಆದರೂ ಕಾರು ನಿಂತಿದೆ. ಹೇಗೋ ಮನೆ ಸೇರಿ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದವಳು ಎರಡು ವಾರ ಅದರ ಕಡೆ ತಿರುಗಿ ನೋಡುವುದಿಲ್ಲ. ಕಲಿಕಾ ಲೈಸೆನ್ಸಿಗೆ ಇರುವುದೇ ಆರು ತಿಂಗಳ ಆಯುಷ್ಯ. ಇಂಥದೊಂದು ಸಂಜೆಯ ಅವಮಾನಕ್ಕೆ ಕಾರಿನ ಆಸೆಯನ್ನೇ ಬಿಟ್ಟವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಇಲ್ಲಿ ತಪ್ಪು ಹುಡುಗಿಯದಲ್ಲ, ಪಾಠದ್ದು.

ಕಾರಿನ ಎಂಜಿನ್ನಿನ ತುದಿಯಲ್ಲಿ ಸದಾ ತಿರುಗುವ ಭಾರವಾದ ಚಕ್ರವೊಂದಿದೆ, ಫ್ಲೈವೀಲ್. ಅದರ ಎದುರಿಗೆ, ಗೇರುಪೆಟ್ಟಿಗೆಯಿಂದ ಬಂದ ದಂಡದ ತುದಿಯಲ್ಲಿ, ಕ್ಲಚ್ ತಟ್ಟೆ. ಪೆಡಲಿನ ಮೇಲೆ ಕಾಲಿಲ್ಲದಾಗ ಬಲವಾದ ಸ್ಪ್ರಿಂಗು ಈ ತಟ್ಟೆಯನ್ನು ಚಕ್ರಕ್ಕೆ ಅದುಮಿ ಹಿಡಿದಿರುತ್ತದೆ; ಎರಡೂ ಒಂದಾಗಿ ತಿರುಗುತ್ತವೆ. ಪೆಡಲ್ ಒತ್ತಿದರೆ ಹಿಡಿತ ಸಡಿಲವಾಗಿ ತಟ್ಟೆ ಬಿಡಿಯಾಗುತ್ತದೆ. ನಿಂತ ಕಾರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿದ್ದರೆ ಗೇರಿನಲ್ಲಿರುವ ತಟ್ಟೆಯದು ಸೊನ್ನೆ. ಈ 800ಕ್ಕೂ ಸೊನ್ನೆಗೂ ರಾಜಿ ಮಾಡಿಸುವುದೇ ಎಡಗಾಲಿನ ಕೆಲಸ.

ಈ ರಾಜಿ ಪೆಡಲಿನ ಇಡೀ ಪ್ರಯಾಣದಲ್ಲಿ ನಡೆಯುವುದಿಲ್ಲ. ತಳದಿಂದ ಮೇಲೆ ಬರುವಾಗ ಮೊದಲ ಭಾಗದಲ್ಲಿ ಏನೂ ಆಗುವುದಿಲ್ಲ. ಕೊನೆಯ ಭಾಗದಲ್ಲೂ ಆಗುವುದೇನಿಲ್ಲ. ನಡುವೆ ಎಲ್ಲೋ ಎರಡು ಬೆರಳಗಲದ ಜಾಗದಲ್ಲಿ ತಟ್ಟೆ ಚಕ್ರವನ್ನು ಕಚ್ಚುತ್ತದೆ. ಅಲ್ಲಿಯವರೆಗೆ ಕಾಲು ಬೇಗ ಬರಬಹುದು. ಅಲ್ಲಿಗೆ ಬಂದಾಗ ನಿಲ್ಲಬೇಕು, ನಿಧಾನವಲ್ಲ, ನಿಲ್ಲಬೇಕು. ಕಾರು ಉರುಳಿ, ತಟ್ಟೆಯ ವೇಗ ಎಂಜಿನ್ನಿನ ವೇಗವನ್ನು ಮುಟ್ಟುವವರೆಗೆ ಪಾದ ಅಲ್ಲೇ ಇರಬೇಕು. ಆಮೇಲೆ ಪೂರ್ತಿ ತೆಗೆದರಾಯಿತು. ಹುಡುಗಿ ಮಾಡಿದ್ದು ಉದ್ದಕ್ಕೂ ಒಂದೇ ಸಮನಾಗಿ, ನಿಧಾನವಾಗಿ ಬಿಟ್ಟದ್ದು. ಕಚ್ಚುವ ಜಾಗದಲ್ಲೂ ಕಾಲು ನಿಲ್ಲಲಿಲ್ಲ, ಎಂಜಿನ್ ನಿಂತಿತು. ಅಪ್ಪ ಮೂವತ್ತು ವರ್ಷಗಳಿಂದ ಅಲ್ಲಿ ತಡೆದು ನಿಲ್ಲಿಸುತ್ತಲೇ ಬಂದಿದ್ದಾರೆ, ಆದರೆ ಹಾಗೆ ಮಾಡುತ್ತಿದ್ದೇನೆಂದು ಅವರಿಗೇ ತಿಳಿಯದು. ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿಲ್ಲ.

ಡ್ರೈವಿಂಗ್ ಶಾಲೆಯಲ್ಲಿ ಇದನ್ನು ಕಲಿಸಿರಬೇಕಲ್ಲ ಎನ್ನಬಹುದು. ಆ ಕಾರುಗಳಲ್ಲಿ ಶಿಕ್ಷಕನ ಕಾಲಡಿಯಲ್ಲೂ ಒಂದು ಜೋಡಿ ಪೆಡಲ್ ಇರುತ್ತದೆ. ಕಾರು ಮುಗ್ಗರಿಸುವ ಮೊದಲೇ ಆತ ಒತ್ತಿಬಿಡುತ್ತಾನೆ. ವಿದ್ಯಾರ್ಥಿ ತಾನೇ ಓಡಿಸಿದೆ ಎಂದುಕೊಂಡು ಮನೆಗೆ ಬರುತ್ತಾನೆ!

ಇದಕ್ಕೊಂದು ಸರಳ ಅಭ್ಯಾಸ ಉಂಟು. ಸಮತಟ್ಟಾದ, ಜನಸಂಚಾರವಿಲ್ಲದ ಜಾಗ ಬೇಕು. ಮನೆಗಳು ಇನ್ನೂ ಏಳದ ಹೊಸ ಬಡಾವಣೆಯಾದರೆ ಒಳ್ಳೆಯದು. ಮೊದಲ ಗೇರು ಹಾಕಿ, ಆಕ್ಸಿಲರೇಟರನ್ನು ಮುಟ್ಟಲೇಬಾರದು. ಎಡ ಹಿಮ್ಮಡಿ ನೆಲಕ್ಕೆ ಊರಿರಲಿ. ಪಾದ ಏರುತ್ತಾ ಬಂದಂತೆ ಒಂದೆಡೆ ಎಂಜಿನ್ನಿನ ದನಿ ತುಸು ಕುಗ್ಗುತ್ತದೆ, ಬಾನೆಟ್ಟು ಸಣ್ಣಗೆ ನಡುಗುತ್ತದೆ. ಅದೇ ಜಾಗ. ಅಲ್ಲಿ ಎರಡು ಎಣಿಸುವಷ್ಟು ಹೊತ್ತು ತಡೆದರೆ ಕಾರು ತಾನಾಗಿ ಹೊರಡುತ್ತದೆ. ಇಪ್ಪತ್ತು ಸಲ ಹೊರಟು ಇಪ್ಪತ್ತು ಸಲ ನಿಂತರೆ ಪಾದಕ್ಕೆ ಆ ಜಾಗದ ನೆನಪು ಹತ್ತುತ್ತದೆ.

ಹೀಗೆ ಹೊರಟ ಕಾರಿನ ವೇಗವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಹಾಕಬಹುದು. ಸಣ್ಣ ಕಾರುಗಳಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 800ನ್ನು 14ರಿಂದ ಭಾಗಿಸಿದರೆ 57. ಚಕ್ರದ ಸುತ್ತಳತೆ ಒಂದೂಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ ನಿಮಿಷಕ್ಕೆ 100 ಮೀಟರ್, ಅಂದರೆ ಗಂಟೆಗೆ 6 ಕಿಲೋಮೀಟರ್. ಚುರುಕಾಗಿ ನಡೆಯುವ ಮನುಷ್ಯನ ವೇಗ! ಎರಡನೆಯ ಗೇರಿನಲ್ಲಿ ಇದು 11ರ ಹತ್ತಿರ. ಆಮೆಗತಿಯ ದಟ್ಟಣೆಯಲ್ಲಿ ಬಹುಪಾಲು ಹೊತ್ತು ಬೇಕಾಗುವುದು ಈ ಎರಡು ವೇಗಗಳೇ.

"ಆಕ್ಸಿಲರೇಟರ್ ಒತ್ತದಿದ್ದರೆ ಎಂಜಿನ್ ಆರಿಹೋಗುತ್ತದೆ" ಎನ್ನುವುದು ಅಪ್ಪಂದಿರ ವಾದ. ಅವರ ಕಾಲಕ್ಕೆ ಅದು ನಿಜವೇ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಇಂಧನ ಬೆರೆಸುತ್ತಿದ್ದುದು ಕಾರ್ಬುರೇಟರ್. ಹೊರೆ ಬಿತ್ತೆಂದು ಅದಕ್ಕೆ ತಿಳಿಯುತ್ತಿರಲಿಲ್ಲ, ಕಾಲೇ ಹೇಳಬೇಕಿತ್ತು. ಈಗಿನ ಎಂಜಿನ್ನಿನಲ್ಲಿ ಸುತ್ತು ಕಡಿಮೆಯಾದೊಡನೆ ಪುಟ್ಟ ಕಂಪ್ಯೂಟರ್ ತಾನೇ ಗಾಳಿ, ಇಂಧನ ಹೆಚ್ಚಿಸಿಕೊಡುತ್ತದೆ.

ದಟ್ಟಣೆಯಲ್ಲಿ ಅಪ್ಪನ ಎರಡನೆಯ ಉಪದೇಶವೂ ಉಂಟು: "ಮುಂದಿನ ಗಾಡಿಗೆ ಅಂಟಿಕೊಂಡೇ ಹೋಗು, ಇಲ್ಲದಿದ್ದರೆ ಆಟೋ ನುಗ್ಗುತ್ತದೆ." ಹೊಸಬರ ಕಾಲು ಸೋಲುವುದು ಇದರಿಂದಲೇ. ಮುಂದಿನವನು ಎರಡು ಮೀಟರ್ ಸರಿದರೆ ಇವಳೂ ಎರಡು ಮೀಟರ್. ಅವನು ನಿಂತರೆ ಇವಳೂ ನಿಂತು ಮತ್ತೆ ಮೊದಲಿನಿಂದ ರಾಜಿ ಪಂಚಾಯಿತಿ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು. ಎಲ್ಲರೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗಬೇಕು, ಅಷ್ಟೆ. ಸಿಗ್ನಲ್ ಇಲ್ಲ, ಹಳ್ಳವಿಲ್ಲ, ಅಡ್ಡ ಬರುವ ದನವೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಾರುಗಳು ಒಂದೆಡೆ ಗುಂಪುಗೂಡಿ ನಿಂತುಬಿಟ್ಟವು, ಆ ಗಂಟು ಹಿಮ್ಮುಖವಾಗಿ ಅಲೆಯಂತೆ ಚಲಿಸಿತು. ಒಬ್ಬ ತುಸು ಬ್ರೇಕ್ ಒತ್ತಿದರೆ ಹಿಂದಿನವನು ಇನ್ನಷ್ಟು, ಅವನ ಹಿಂದಿನವನು ಮತ್ತಷ್ಟು. ಅಮೆರಿಕದ ಅರಿಜೋನಾದಲ್ಲಿ ಇಂಥದೇ ವೃತ್ತದ ಪ್ರಯೋಗ ನಡೆಸಿದ ಸಂಶೋಧಕರು, ಇಪ್ಪತ್ತಕ್ಕೂ ಹೆಚ್ಚು ಕಾರುಗಳ ನಡುವೆ ಒಂದೇ ಒಂದು ಕಾರು ಅಂತರ ಬಿಟ್ಟು ಸಮವೇಗದಲ್ಲಿ ಸಾಗಿದರೆ ಅಲೆ ತಣಿಯುತ್ತದೆಂದು 2018ರಲ್ಲಿ ತೋರಿಸಿದರು. ಆ ಕಾರಿನ ವೇಗವನ್ನು ಕಂಪ್ಯೂಟರ್ ನಿಯಂತ್ರಿಸುತ್ತಿತ್ತು. ಮನುಷ್ಯನಿಗೆ ಅಷ್ಟು ನಿಖರತೆ ಸಾಧ್ಯವಿಲ್ಲ ನಿಜ, ಆದರೆ ಉಪಾಯ ಅದೇ.

ಆದ್ದರಿಂದ ಮುಂದಿನ ಕಾರು ಸರಿದ ಕೂಡಲೇ ಹೊರಡಬೇಕಾಗಿಲ್ಲ. ಒಂದು ಕಾರಿನುದ್ದದ ಜಾಗವಾಗಲಿ, ಆಮೇಲೆ 6 ಕಿಲೋಮೀಟರ್ ವೇಗದಲ್ಲಿ ಉರುಳಿದರೆ ಸಾಕು. ಇವಳು ತಲುಪುವ ಹೊತ್ತಿಗೆ ಅನೇಕ ಸಲ ಅವನು ಮತ್ತೆ ಹೊರಟಿರುತ್ತಾನೆ, ಇವಳು ನಿಲ್ಲುವ ಪ್ರಮೇಯವೇ ಬರುವುದಿಲ್ಲ. ಕಣ್ಣು ಮುಂದಿನ ಬಂಪರಿನ ಮೇಲಲ್ಲ, ಅದರಾಚೆಯ ಬಸ್ಸಿನ ಮೇಲಿರಬೇಕು. ಇನ್ನು ಆಟೋ? ನುಗ್ಗುತ್ತದೆ, ಖಂಡಿತ ನುಗ್ಗುತ್ತದೆ. ಅದರಿಂದ ಆಗುವ ನಷ್ಟ ನಾಲ್ಕು ಮೀಟರ್. ಈ ವೇಗದಲ್ಲಿ ಎರಡೂವರೆ ಸೆಕೆಂಡು.

ನಿಲ್ಲುವಾಗಲೂ ಒಂದು ಸೂಕ್ಷ್ಮವಿದೆ. ಬ್ರೇಕನ್ನು ಮೊದಲು ಒತ್ತಿ, ಕಾರು ನಿಲ್ಲುವ ಕೊನೆಯ ಗಳಿಗೆಯಲ್ಲಿ ತುಸು ಸಡಿಲಿಸಿದರೆ ಹಿಂದಿನ ಸೀಟಿನ ಅಜ್ಜಿಯ ತಲೆ ಮುಂದಕ್ಕೆ ತೂಗುವುದಿಲ್ಲ. ಚಾಲಕರ ನೈಪುಣ್ಯ ಅಳೆಯಲು ಅಜ್ಜಿಗಿಂತ ನಂಬಿಕಸ್ಥ ಉಪಕರಣ ಇನ್ನೊಂದಿಲ್ಲ.

ಇಷ್ಟು ಕಲಿತವರಿಗೂ ಏರು ಕಷ್ಟ. ಅಲ್ಲಿ ಕೆಲವರು ಅರ್ಧ ಕ್ಲಚ್ಚಿನಲ್ಲೇ ಕಾರನ್ನು ತೇಲಿಸಿ ನಿಲ್ಲಿಸಿಕೊಳ್ಳುತ್ತಾರೆ. ನೋಡಲು ಜಾಣತನ. ಮೂವತ್ತಕ್ಕೆ ಒಂದು ಇಳಿಜಾರಿನಲ್ಲಿ ಒಂದು ಟನ್ ತೂಕದ ಕಾರನ್ನು, ಎಂಜಿನ್ 1500 ಸುತ್ತು ತಿರುಗುತ್ತಿರುವಾಗ ಹಾಗೆ ಹಿಡಿದು ನಿಲ್ಲಿಸಿದರೆ ತಟ್ಟೆಯಲ್ಲಿ ಹುಟ್ಟುವ ಶಾಖ ಸುಮಾರು 1000 ವ್ಯಾಟ್. ಅಂದರೆ ಇಸ್ತ್ರಿಪೆಟ್ಟಿಗೆಯನ್ನು ಹೊತ್ತಿಸಿ ಕ್ಲಚ್ಚಿನೊಳಗಿಟ್ಟಂತೆ! ಸುಟ್ಟ ವಾಸನೆ ಬರುವುದು ಇದಕ್ಕೇ. ಸಮತಟ್ಟು ನೆಲದಲ್ಲಿ ಹೊರಡುವಾಗಲೂ ಒಂದಿಷ್ಟು ಸವೆತ ತಪ್ಪದು: ಎಂಜಿನ್ನಿನ ವೇಗ ಬದಲಾಗದಿದ್ದರೆ, ಕಾರು ಗಳಿಸುವ ಚಲನಶಕ್ತಿಯಷ್ಟೇ ಶಕ್ತಿ ತಟ್ಟೆಯಲ್ಲಿ ಶಾಖವಾಗಿ ಹೋಗುತ್ತದೆ. ಕೆಪಾಸಿಟರ್ ತುಂಬುವಾಗ ಅರ್ಧ ಶಕ್ತಿ ನಷ್ಟವಾಗುವ ಪಾಠವನ್ನು ಪಿಯುಸಿಯಲ್ಲಿ ಓದಿದವರಿಗೆ ಈ ಲೆಕ್ಕದ ಗುರುತು ಹತ್ತೀತು.

ಏರಿನಲ್ಲಿ ನಿಂತಾಗ ಕೈಬ್ರೇಕ್ ಎಳೆದು, ನ್ಯೂಟ್ರಲ್‌ಗೆ ತಂದು, ಎರಡೂ ಕಾಲಿಗೆ ವಿಶ್ರಾಂತಿ ಕೊಡಬೇಕು. ಹೊರಡುವಾಗ ಮೊದಲ ಗೇರು, ಇಲ್ಲಿ ಮಾತ್ರ ಸ್ವಲ್ಪ ಆಕ್ಸಿಲರೇಟರ್, ಕ್ಲಚ್ಚು ಕಚ್ಚುವ ಜಾಗಕ್ಕೆ. ಕಾರಿನ ಹಿಂಭಾಗ ತುಸು ಕುಗ್ಗಿ ಎಳೆದಂತಾದಾಗ ಕೈಬ್ರೇಕ್ ಬಿಟ್ಟರೆ ಒಂದಂಗುಲವೂ ಹಿಂದಕ್ಕೆ ಜಾರದು. ಹಿಂದೆ ಗೇಣು ಅಂತರದಲ್ಲಿ ಸ್ಕೂಟರಿನವನು, ಅವನ ಮುಂದೆ ನಿಂತ ಮಗು ಇರಬಹುದಾದ ಊರಿದು. ಎಂಜಿನ್ ಆರಿದರೆ ಬ್ರೇಕ್, ಕ್ಲಚ್, ನ್ಯೂಟ್ರಲ್, ಮತ್ತೆ ಚಾಲೂ; ಐದಾರು ಸೆಕೆಂಡಿನ ಕೆಲಸ. ಹಾರನ್ ಮಾಡುವವರು ಮಾಡಲಿ. ಪಕ್ಕದ ಸೀಟು ಮಾತ್ರ ಆ ಮೇಳಕ್ಕೆ ಸೇರಬಾರದು. ಕಲಿಯುವವರ ಜೊತೆ ಲೈಸೆನ್ಸುಳ್ಳವರು ಕೂರಬೇಕೆಂದು ಕಾನೂನು ಹೇಳುವುದು, ಬೇಕಾದಾಗ ವಾಹನವನ್ನು ತಡೆಯಲೆಂದು. ಗದರಲಿಕ್ಕಲ್ಲ.

ಮೂರನೆಯ ಭಾನುವಾರ ಬೆಳಿಗ್ಗೆ ಆರಕ್ಕೆ ಬೀಗದ ಕೈ ಮೊಳೆಯಿಂದ ಇಳಿಯುತ್ತದೆ. ಬಡಾವಣೆಯ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ ಹೊರಡುವುದನ್ನು ಹುಡುಗಿ ಏಳೆಂಟು ಸಲ ಮಾಡುತ್ತಾಳೆ; ಎರಡು ಬಾರಿ ಎಂಜಿನ್ ಆರುತ್ತದೆ, ಆಮೇಲೆ ಆರುವುದಿಲ್ಲ. ಅಪ್ಪನಿಗೆ ನಂಬಿಕೆ ಬಾರದು. "ಎಲ್ಲಿ, ಇಳಿ ನೋಡೋಣ" ಎಂದು ಬಲಕ್ಕೆ ಬಂದು ಕೂರುತ್ತಾರೆ. ಬಲಗಾಲನ್ನು ಪ್ರಯತ್ನಪೂರ್ವಕ ಹಿಂದಕ್ಕೆಳೆದುಕೊಂಡು, ಕ್ಲಚ್ಚು ಬಿಡುತ್ತಾರೆ. ಕಾರು ಒಮ್ಮೆ ಕುಪ್ಪಳಿಸಿ ನಿಂತುಬಿಡುತ್ತದೆ. ಎಡಗಡೆ ಕುಳಿತವಳು ಕಿಟಕಿಯಾಚೆ ನೋಡುತ್ತಾಳೆ, ಏನೂ ಅನ್ನುವುದಿಲ್ಲ.